ದೇವರು ಇದ್ದಾನೆ, ಧರ್ಮದ ಕಾಲಂ ಖಾಲಿ

ದೇವರನ್ನು ನಂಬುತ್ತೇನೆ, ಆದರೆ ಯಾವ ಧರ್ಮಕ್ಕೂ ಸೇರಿದವನಲ್ಲ ಅನ್ನುವವರು ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಈಗ ಅಲ್ಲಲ್ಲಿ ಸಿಗುತ್ತಾರೆ. ಇವರು ನಾಸ್ತಿಕರಲ್ಲ. ಮಗಳ ಪರೀಕ್ಷೆ ಇದ್ದರೆ ಕೈ ಮುಗಿಯುತ್ತಾರೆ, ಜೂನ್‌ನಲ್ಲಿ ಮೋಡ ಕಟ್ಟಿದರೆ ಮೇಲೆ ನೋಡಿ ಏನೋ ಗೊಣಗುತ್ತಾರೆ. ಮಠ ಬೇಡ, ಮಸೀದಿ ಬೇಡ, ಚರ್ಚು ಬೇಡ, ಸಮಾಜದ ಸಂಘದ ಪಟ್ಟಿ ಅಂತೂ ಬೇಡವೇ ಬೇಡ. ಇವರ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಇದು ಬೆಂಗಳೂರಿಗೆ ಹೋಗಿ ಬಂದ ಹುಡುಗರ ಶೋಕಿ ಅನ್ನೋದು ಒಂದು. ಇದೇ ಖರೇ ಧರ್ಮ, ಉಳಿದದ್ದೆಲ್ಲ ದಂಧೆ ಅನ್ನೋದು ಇನ್ನೊಂದು. ನನಗೆ ಎರಡೂ ಒಪ್ಪಿಗೆ ಇಲ್ಲ.

ಶೋಕಿ ಅಲ್ಲ, ಯಾಕಂದ್ರೆ ಧರ್ಮ ಬಿಟ್ಟು ದೇವರನ್ನು ಇಟ್ಟುಕೊಳ್ಳೋದು ಈ ನೆಲದಲ್ಲಿ ಬಹಳ ಹಳೆಯ ಚಾಳಿ. ಉಳಿದದ್ದೆಲ್ಲ ದಂಧೆ ಅನ್ನೋದೂ ಸುಳ್ಳು, ಯಾಕಂದ್ರೆ ನಂಬೋಕೆ ಒಬ್ಬರೇ ಸಾಕು, ಹೆಣ ಎತ್ತೋಕೆ ನಾಲ್ಕು ಜನ ಬೇಕು. ನಂಬಿಕೆಯ ಮಟ್ಟದಲ್ಲಿ ಈ ಜನಕ್ಕೆ ಯಾವ ತೊಂದರೆಯೂ ಇಲ್ಲ. ತೊಂದರೆ ಶುರುವಾಗೋದು ಶಾಲೆಯ ದಾಖಲೆಯಲ್ಲಿ, ಮದುವೆಯಲ್ಲಿ, ಆಸ್ತಿ ಹಂಚಿಕೆಯಲ್ಲಿ, ಸಾವಿನಲ್ಲಿ. ಅಲ್ಲೆಲ್ಲ ನಮ್ಮ ಊರು, ನಮ್ಮ ಕಾನೂನು ಎರಡೂ ಮನುಷ್ಯನನ್ನು ಒಬ್ಬನೇ ಅಂತ ನೋಡೋದಿಲ್ಲ, ಯಾವ ಗುಂಪಿನವನು ಅಂತ ನೋಡುತ್ತವೆ.

ಅಂಕಿ ಎಷ್ಟು ಅಂತ ಮೊದಲು ನೋಡೋಣ. 2011ರ ಜನಗಣತಿಯಲ್ಲಿ ದೇಶದಲ್ಲಿ ಧರ್ಮ ಹೇಳದವರು ಸುಮಾರು 28.7 ಲಕ್ಷ. 2001ರಲ್ಲಿ ಇದು 7 ಲಕ್ಷದ ಆಸುಪಾಸಿನಲ್ಲಿತ್ತು. ನಾಸ್ತಿಕ ಅಂತಲೇ ಬರೆಸಿದವರು 33 ಸಾವಿರದಷ್ಟು ಮಾತ್ರ. ಅಂದರೆ ಧರ್ಮ ಹೇಳದವರನ್ನೆಲ್ಲ ದೇವರಿಲ್ಲದವರು ಅಂತ ಲೆಕ್ಕ ಹಾಕೋದು ತಪ್ಪು. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸುಮಾರು 30 ಸಾವಿರ ಭಾರತೀಯರನ್ನು ಮಾತಾಡಿಸಿದ್ದರು. ಅದರಲ್ಲಿ ಶೇ. 97 ಮಂದಿ ದೇವರಿದ್ದಾನೆ ಅಂದರು. ಅದೇ ಸಂಸ್ಥೆ ಅಮೆರಿಕದ ಬಗ್ಗೆ 2024ರಲ್ಲಿ ಕೊಟ್ಟ ವರದಿ ಪ್ರಕಾರ ಅಲ್ಲಿ ಶೇ. 28ರಷ್ಟು ಜನ ಯಾವ ಧರ್ಮಕ್ಕೂ ಸೇರಿಲ್ಲ ಅನ್ನುತ್ತಾರೆ, ಆದರೆ ಅವರಲ್ಲೇ ಹತ್ತಕ್ಕೆ ಏಳು ಮಂದಿ ದೇವರನ್ನೋ ಮೇಲಿನ ಯಾವುದೋ ಶಕ್ತಿಯನ್ನೋ ನಂಬುತ್ತಾರೆ. ಅಲ್ಲಿ ಚರ್ಚಿಗೆ ಹೋಗೋದು ನಿಲ್ಲಿಸಿದರೆ ಆಯ್ತು, ಧರ್ಮ ಬಿಟ್ಟಂತೆಯೇ ಲೆಕ್ಕ. ನಮ್ಮಲ್ಲಿ ಗುಡಿಗೆ ಹೋಗದೇ ಇದ್ದರೂ ಧರ್ಮ ಬಿಡೋದಿಲ್ಲ. ನಾವು ಬಿಟ್ಟರೂ ಅದು ನಮ್ಮನ್ನು ಬಿಡೋದಿಲ್ಲ.

ಈಗ ಹಳೆಯ ಚಾಳಿ ಅಂದೆನಲ್ಲ, ಆ ಮಾತಿಗೆ ಬರುತ್ತೇನೆ. ಈ ಭಾಗದಲ್ಲಿ ಬಸವಣ್ಣನವರನ್ನು ಬಿಟ್ಟು ಈ ವಿಷಯ ಮುಂದೆ ಹೋಗೋದಿಲ್ಲ, ಹಾಗಂತ ಎಲ್ಲರಿಗೂ ಗೊತ್ತಿರೋದನ್ನೇ ಮತ್ತೆ ಹೇಳೋದೂ ಬೇಡ. ಹುಟ್ಟಿದ್ದು ಬಾಗೇವಾಡಿ, ಐಕ್ಯ ಆಗಿದ್ದು ಕೂಡಲಸಂಗಮ. ಗುಡಿ ಬೇಡ, ಪೂಜಾರಿ ಬೇಡ, ದೇವರು ನಿನ್ನ ಅಂಗೈಯಲ್ಲೇ ಇದ್ದಾನೆ ಅಂದರು. ಆಮೇಲೆ ಆದದ್ದು ನೋಡಿ. ಮಠಗಳಾದವು, ಮಠಕ್ಕೊಂದು ಪೀಠ, ಪೀಠಕ್ಕೊಂದು ಒಳಪಂಗಡ. 2018ರ ಮಾರ್ಚ್‌ನಲ್ಲಿ ರಾಜ್ಯ ಸಂಪುಟ ನಾಗಮೋಹನ್ ದಾಸ್ ಸಮಿತಿಯ ವರದಿ ಒಪ್ಪಿ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಸ್ಥಾನ ಕೊಡಿ ಅಂತ ಕೇಂದ್ರಕ್ಕೆ ಕಳಿಸಿತು, ಕೇಂದ್ರ ಒಪ್ಪಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ ಮತ್ತೆ ಅದೇ ಜಗಳ. ಧರ್ಮದ ಕಾಲಂನಲ್ಲಿ ಹಿಂದೂ ಅಂತ ಬರೆಸಬೇಕೋ, ಲಿಂಗಾಯತ ಅಂತಲೋ, ವೀರಶೈವ ಲಿಂಗಾಯತ ಅಂತಲೋ? ಸ್ಥಾವರ ಬೇಡ ಅಂತ ಹೊರಟ ಚಳವಳಿ ಈಗ ಒಂದು ಕಾಲಂಗಾಗಿ ಬಡಿದಾಡುತ್ತಿದೆ. ಇದನ್ನು ಬರೀ ವ್ಯಂಗ್ಯ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ಅಲ್ಪಸಂಖ್ಯಾತ ಸ್ಥಾನ ಸಿಕ್ಕರೆ ಶಿಕ್ಷಣ ಸಂಸ್ಥೆಗಳಿಗೆ ಆಗೋ ಲಾಭ ಸಣ್ಣದಲ್ಲ, ಆ ಲೆಕ್ಕಾಚಾರ ಎಲ್ಲರಿಗೂ ಗೊತ್ತು.

ಜಮಖಂಡಿಯ ಕಥೆ ಇದಕ್ಕಿಂತ ಕಡಿಮೆ ಜನಕ್ಕೆ ಗೊತ್ತು, ನನಗೆ ಅದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಆ ಒಂದೇ ಊರಲ್ಲಿ ಹದಿಮೂರು ವರ್ಷದ ಅಂತರದಲ್ಲಿ ಇಬ್ಬರು ಹುಟ್ಟಿದರು. 1873ರಲ್ಲಿ ವಿಠ್ಠಲ ರಾಮಜಿ ಶಿಂದೆ, 1886ರಲ್ಲಿ ರಾಮಚಂದ್ರ ದತ್ತಾತ್ರೇಯ ರಾನಡೆ. ಶಿಂದೆಯವರು ಮುಂಬೈಯ ಪ್ರಾರ್ಥನಾ ಸಮಾಜ ಸೇರಿದರು. 1867ರಲ್ಲಿ ಶುರುವಾದ ಆ ಸಮಾಜದ ಮಾತು ಸರಳ: ದೇವರು ಒಬ್ಬನೇ, ಅವನಿಗೆ ಆಕಾರ ಇಲ್ಲ, ಮೂರ್ತಿ ಪೂಜೆ ಬೇಡ, ಯಾವ ಗ್ರಂಥವೂ ಕೊನೆಯ ಮಾತಲ್ಲ. 1901ರಲ್ಲಿ ಶಿಂದೆ ಆಕ್ಸ್‌ಫರ್ಡಿಗೆ ಹೋಗಿ ಬೇರೆ ಬೇರೆ ಧರ್ಮಗಳ ಅಭ್ಯಾಸ ಮಾಡಿ ಬಂದರು, 1906ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗಾಗಿ ಮಿಷನ್ ಕಟ್ಟಿದರು. ಆದರೆ ಪ್ರಾರ್ಥನಾ ಸಮಾಜದ ಸದಸ್ಯರಲ್ಲಿ ಬಹಳ ಜನ ವಾರಕ್ಕೊಮ್ಮೆ ನಿರಾಕಾರ ದೇವರ ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ, ಮುಂಜಿ, ಮದುವೆ, ತಿಥಿ ಎಲ್ಲ ಹಳೆಯ ಪದ್ಧತಿಯಲ್ಲೇ ಮಾಡುತ್ತಿದ್ದರು. ದೇವರನ್ನು ಬದಲಾಯಿಸಿಕೊಂಡರು, ಬೀಗರನ್ನು ಬದಲಾಯಿಸಿಕೊಳ್ಳೋಕೆ ಆಗಲಿಲ್ಲ.

ರಾನಡೆಯವರ ದಾರಿ ಬೇರೆ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿ, ಕೊನೆಗೆ ವಿಜಯಪುರ ಜಿಲ್ಲೆಯ ನಿಂಬಾಳದಲ್ಲಿ ಉಳಿದರು, 1957ರಲ್ಲಿ ಅಲ್ಲೇ ತೀರಿಕೊಂಡರು. ಬೆಳಗಾವಿಯ ಹಿಂದವಾಡಿಯಲ್ಲಿ ಅವರು ಕಟ್ಟಿದ ತತ್ವಶಾಸ್ತ್ರ ಮತ್ತು ಧರ್ಮಗಳ ತೌಲನಿಕ ಅಧ್ಯಯನದ ಅಕಾಡೆಮಿ ಇದೆ. ಅವರ ಗುರು ಉಮದಿಯ ಭಾವುಸಾಹೇಬ ಮಹಾರಾಜರು, ಇಂಚಗೇರಿಯಲ್ಲಿ 1885ರಲ್ಲಿ ಮಠ ಶುರು ಮಾಡಿದವರು. ಅಲ್ಲಿ ಗುರು ಕೊಡೋದು ಒಂದು ನಾಮ, ಶಿಷ್ಯ ಮಾಡೋದು ಕೂತು ಅದನ್ನು ಜಪಿಸೋದು. ಜಾತಿ ಬಿಡು, ಧರ್ಮ ಬಿಡು ಅಂತ ಕೇಳೋದಿಲ್ಲ, ಸೇರು ಅಂತಲೂ ಹೇಳೋದಿಲ್ಲ. ಅದೇ ಪರಂಪರೆಯ ಸಿದ್ಧರಾಮೇಶ್ವರ ಮಹಾರಾಜರು ವರ್ಷಾನುಗಟ್ಟಲೆ ಜಪ ಮಾಡುವ ಇರುವೆಯ ದಾರಿಗಿಂತ ನೇರ ವಿಚಾರದ ಹಕ್ಕಿಯ ದಾರಿ ಬೇಗ ಮುಟ್ಟಿಸುತ್ತದೆ ಅಂತ ಹೇಳಿ ಬೇರೆಯಾದರು. ಅವರ ಶಿಷ್ಯ ಮುಂಬೈಯ ಬೀಡಿ ಅಂಗಡಿಯ ನಿಸರ್ಗದತ್ತ ಮಹಾರಾಜರು. 1981ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಯುರೋಪು ಅಮೆರಿಕಗಳಿಂದ ಜನ ಬಂದು ಅವರ ಅಟ್ಟದ ಮೇಲೆ ಕೂರುತ್ತಿದ್ದರು. ಈಗ ಅಲ್ಲಿ ಧರ್ಮ ಬಿಟ್ಟು ದೇವರನ್ನು ಹುಡುಕುವ ಎಷ್ಟೋ ಜನ ಓದೋದು ಅವರ ಮಾತುಗಳನ್ನೇ. ನಮ್ಮ ಹುಡುಗರು ಇದನ್ನೆಲ್ಲ ಯೂಟ್ಯೂಬಿನಲ್ಲಿ ಇಂಗ್ಲಿಷಿನಲ್ಲಿ ಕೇಳಿ ಏನೋ ಹೊಸದು ಅಂದುಕೊಳ್ಳುತ್ತಾರೆ. ಅದರ ಬೇರು ಇಂಡಿ ಕಡೆಯ ಬಸ್ಸು ಹತ್ತಿದರೆ ಸಿಗುತ್ತದೆ, ಅಲ್ವಾ?

ಎರಡನೇ ಇಬ್ರಾಹಿಂ ಆದಿಲಶಾಹನನ್ನೂ ಇಲ್ಲಿ ನೆನೆಯಬಹುದು. 1580ರಿಂದ 1627ರವರೆಗೆ ಬಿಜಾಪುರ ಆಳಿದ ಸುಲ್ತಾನ, ತನ್ನ ಹಾಡುಗಳಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದವನು, ಜನ ಜಗದ್ಗುರು ಅಂತ ಕರೆದರು. ಆದರೆ ಸುಲ್ತಾನನಿಗೆ ಯಾರು ಏನು ಕೇಳುತ್ತಾರೆ? ಅವನ ಉದಾಹರಣೆ ನಮ್ಮಂಥವರಿಗೆ ಉಪಯೋಗಕ್ಕೆ ಬರೋದಿಲ್ಲ.

ಸಾಮಾನ್ಯರ ಭಕ್ತಿಗೂ ಇಲ್ಲಿ ಯಾವತ್ತೂ ಗೋಡೆ ಇರಲಿಲ್ಲ. ಮೊಹರಂನಲ್ಲಿ ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಯಲ್ಲೂ ಪಂಜಾ ಅನ್ನುವ ಲೋಹದ ಹಸ್ತ ಕೂಡಿಸುತ್ತಾರೆ, ಮೊಹರಂ ಪದಗಳಾದ ರಿವಾಯತ್ ಹಾಡುತ್ತಾರೆ. ಗೌಡರ ಮನೆಯವರು ದರ್ಗಾಕ್ಕೆ ಸಕ್ಕರೆ ಓದಿಸುತ್ತಾರೆ. ಆದರೆ ಇದನ್ನು ತೋರಿಸಿ 'ನಮ್ಮಲ್ಲಿ ಧರ್ಮದ ಭೇದವೇ ಇಲ್ಲ' ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅದೇ ದರ್ಗಾಕ್ಕೆ ಹೋಗಿ ಬಂದ ಮನೆಯಲ್ಲಿ ಮಗಳು ಆ ಕಡೆಯ ಹುಡುಗನ ಹೆಸರು ಹೇಳಲಿ ನೋಡೋಣ. ಹರಕೆ ಗೋಡೆ ದಾಟುತ್ತದೆ, ಸಂಬಂಧ ದಾಟೋದಿಲ್ಲ.

ಈಗ ಕಾನೂನು. ನಂಬಿಕೆ ಒಂದು, ಸದಸ್ಯತ್ವ ಇನ್ನೊಂದು ಅನ್ನೋದನ್ನು ನಮ್ಮ ಕೋರ್ಟು ಒಪ್ಪಿದ ಒಂದು ಪ್ರಕರಣ ಇದೆ. ಮಹಾರಾಷ್ಟ್ರದ ಕೆಲವರು ತಾವು ಯೇಸುವನ್ನು ನಂಬುತ್ತೇವೆ, ಆದರೆ ಕ್ರೈಸ್ತ ಧರ್ಮವನ್ನಾಗಲಿ ಬೇರೆ ಯಾವ ಧರ್ಮವನ್ನಾಗಲಿ ಒಪ್ಪೋದಿಲ್ಲ, ಗೆಜೆಟ್‌ನಲ್ಲಿ 'ಧರ್ಮ ಇಲ್ಲ' ಅಂತ ಪ್ರಕಟಿಸಿ ಅಂದರು. ಸರ್ಕಾರಿ ಮುದ್ರಣಾಲಯ ಒಪ್ಪಲಿಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಬಾಂಬೆ ಹೈಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಸಂವಿಧಾನದ 25ನೇ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಯಾವ ಧರ್ಮವೂ ಬೇಡ ಅನ್ನುವ ಹಕ್ಕೂ ಇದೆ, ಧರ್ಮ ಹೇಳು ಅಂತ ಸರ್ಕಾರ ಯಾರನ್ನೂ ಬಲವಂತ ಮಾಡುವಂತಿಲ್ಲ ಅಂದಿತು. ಆ ಅರ್ಜಿದಾರರು ದೇವರನ್ನು ನಂಬುವವರೇ ಆಗಿದ್ದರು ಅನ್ನೋದನ್ನು ಗಮನಿಸಿ. ಕರ್ನಾಟಕದ ಕಚೇರಿಗಳನ್ನು ಈ ತೀರ್ಪು ನೇರವಾಗಿ ಕಟ್ಟಿಹಾಕೋದಿಲ್ಲ, ಆದರೆ ವಾದಕ್ಕೆ ಬಲ ಕೊಡುತ್ತದೆ. 2025ರ ಸಮೀಕ್ಷೆಯ ಹೊತ್ತಿನಲ್ಲಿ ನಮ್ಮ ಹೈಕೋರ್ಟೂ ಅದು ಕಡ್ಡಾಯ ಅಲ್ಲ, ಇಷ್ಟ ಇದ್ದವರು ಉತ್ತರ ಕೊಡಲಿ ಅಂದಿತ್ತು.

ಕಾಗದದ ಮೇಲೆ ಹಕ್ಕು ಇದೆ, ಸರಿ. ಬಾಗಿಲಲ್ಲಿ ಏನಾಗುತ್ತದೆ? ನಮ್ಮ ಓಣಿಗೆ ಸಮೀಕ್ಷೆಗೆ ಬಂದ ಅಕ್ಕೋರು ಪಕ್ಕದ ಮನೆಯ ನಿವೃತ್ತ ಅಜ್ಜನನ್ನು ಕೇಳುತ್ತಿದ್ದರು. "ಧರ್ಮ ಯಾವುದ್ರಿ ಅಜ್ಜಾರ?" "ದೇವರ ಮ್ಯಾಲ ನಂಬಿಕಿ ಐತವಾ, ಧರ್ಮ ಯಾವುದೂ ಇಲ್ಲ." ಅಕ್ಕೋರು ಮೊಬೈಲಿನಿಂದ ತಲೆ ಎತ್ತಿ ಒಂದು ಗಳಿಗೆ ಸುಮ್ಮನಿದ್ದರು. "ಹಂಗಲ್ರಿ, ಸಾಲಿ ದಾಖಲಿಯೊಳಗ ಏನೈತಿ ಅದನ್ನ ಹೇಳ್ರಿ." ಒಳಗಿಂದ ಸೊಸೆ ಉತ್ತರ ಹೇಳಿದಳು, ಅಜ್ಜ ಬೀದಿ ನೋಡುತ್ತಾ ಕೂತ. ಆರು ವರ್ಷದವನಿದ್ದಾಗ ಅಪ್ಪನೋ ಮಾಸ್ತರನೋ ಬರೆಸಿದ್ದೇ ಎಪ್ಪತ್ತು ದಾಟಿದವನ ಉತ್ತರಕ್ಕಿಂತ ಗಟ್ಟಿ.

ಮದುವೆಯ ಕಾನೂನು ಇನ್ನೂ ಸ್ವಾರಸ್ಯವಾಗಿದೆ. ಬ್ರಹ್ಮ ಸಮಾಜದವರ ಒತ್ತಾಯದಿಂದ ಬ್ರಿಟಿಷರು 1872ರಲ್ಲಿ ವಿಶೇಷ ವಿವಾಹ ಕಾಯ್ದೆ ತಂದರು. ಅದರ ಅಡಿ ಮದುವೆ ಆಗಬೇಕಿದ್ದರೆ ಗಂಡು ಹೆಣ್ಣು ಇಬ್ಬರೂ ತಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ ಅಂತ ಉದ್ದ ಪಟ್ಟಿಯನ್ನೇ ನಿರಾಕರಿಸಿ ಸಹಿ ಹಾಕಬೇಕಿತ್ತು. ದೇವರ ಮುಂದೆ ಮದುವೆ ಆಗೋಕೆ ಹೊರಟವರು ಮೊದಲು ಧರ್ಮ ಇಲ್ಲ ಅಂತ ಬರೆದುಕೊಡಬೇಕು! 1954ರ ಕಾಯ್ದೆ ಆ ಘೋಷಣೆಯನ್ನು ತೆಗೆದುಹಾಕಿತು. ಆದರೆ 30 ದಿನದ ನೋಟಿಸ್ ಇಟ್ಟಿತು. ವಿವಾಹ ನೋಂದಣಿ ಕಚೇರಿಯ ಗೋಡೆಯ ಮೇಲೆ ಹುಡುಗ ಹುಡುಗಿಯ ಹೆಸರು ವಿಳಾಸ ಅಂಟಿಸಿದರೆ, ಬೆಳಗಾವಿಯಂಥ ಊರಲ್ಲಿ ಅದು ಮೂವತ್ತು ದಿನ ಅಲ್ಲ, ಮೂವತ್ತು ನಿಮಿಷದಲ್ಲಿ ಮನೆ ಮುಟ್ಟುತ್ತದೆ.

ಇನ್ನೊಂದು ವಿಷಯ ರೈತ ಮನೆತನದವರು ತಿಳಿದಿರಬೇಕು. ಹಿಂದೂ ಕೂಡುಕುಟುಂಬದವನೊಬ್ಬ ಈ ಕಾಯ್ದೆಯಡಿ ಮದುವೆಯಾದರೆ, 19ನೇ ಕಲಂ ಪ್ರಕಾರ ಅವನು ಕೂಡುಕುಟುಂಬದಿಂದ ಬೇರೆಯಾದಂತೆ. ಅವನ ಪಾಲು ಹೋಗೋದಿಲ್ಲ, ಆದರೆ ಕೂಡಿ ಇರೋದು ಮುಗಿಯಿತು. ಉತ್ತರಾಧಿಕಾರಕ್ಕೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ ಈ ಎರಡೂ ಅನ್ವಯಿಸೋದಿಲ್ಲ ಅಂತ 1976ರಲ್ಲಿ ವಿನಾಯಿತಿ ಸೇರಿಸಿದರು. ಅಂದರೆ ಧರ್ಮ ಇಲ್ಲ ಅಂತ ಬರೆಸುವವನು ಆ ವಿನಾಯಿತಿಯ ಹೊರಗೆ ನಿಲ್ಲುವ ಸಾಧ್ಯತೆ ಇದೆ. ಘಟಪ್ರಭಾ ಕಾಲುವೆಯ ಕೆಳಗೆ ನಾಲ್ಕು ಅಣ್ಣತಮ್ಮಂದಿರ ಕೂಡಿದ ಕಬ್ಬಿನ ಹೊಲ ಇದ್ದವರಿಗೆ ಇದು ತತ್ವಶಾಸ್ತ್ರದ ಪ್ರಶ್ನೆ ಅಲ್ಲ, ಮನೆ ಒಡೆಯುವ ಪ್ರಶ್ನೆ.

ಮಜಾ ಅಂದರೆ, 1955ರ ಹಿಂದೂ ವಿವಾಹ ಕಾಯ್ದೆಯೂ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಶುರುವಿನಲ್ಲೇ ಬಲೆ ಬೀಸಿಬಿಟ್ಟಿವೆ. ಹಿಂದೂ ಅಂದರೆ ವೀರಶೈವ, ಲಿಂಗಾಯತ, ಬ್ರಹ್ಮ, ಪ್ರಾರ್ಥನಾ, ಆರ್ಯ ಸಮಾಜದವರೂ ಸೇರಿ. ಆಮೇಲೆ ಬೌದ್ಧ, ಜೈನ, ಸಿಖ್. ಆಮೇಲೆ ಮುಸ್ಲಿಂ, ಕ್ರೈಸ್ತ, ಪಾರ್ಸಿ, ಯಹೂದಿ ಅಲ್ಲದ ಯಾರೇ ಆಗಲಿ. ಹೀಗಾಗಿ ನೀವು ಯಾವ ಧರ್ಮವೂ ಬೇಡ ಅಂತ ಎಲ್ಲಿಗೆ ಓಡಿದರೂ ಮದುವೆ, ಆಸ್ತಿಯ ಲೆಕ್ಕಕ್ಕೆ ಸಾಮಾನ್ಯವಾಗಿ ಹಿಂದೂ ಕಾನೂನಿನ ಒಳಗೇ ಬಂದು ಬೀಳುತ್ತೀರಿ. ಶಿಂದೆಯವರ ಪ್ರಾರ್ಥನಾ ಸಮಾಜವೂ ಹಾಗೇ ಒಳಗೆ ಬಂತು. ಮುಸ್ಲಿಂ ಮನೆಯಲ್ಲಿ ಹುಟ್ಟಿದವರಿಗೆ ಈ ದಾರಿಯೂ ಸ್ಪಷ್ಟ ಇಲ್ಲ. ತನ್ನ ಆಸ್ತಿಗೆ ಶರಿಯತ್ ಬೇಡ, 1925ರ ಕಾಯ್ದೆ ಅನ್ವಯಿಸಲಿ ಅಂತ ಕೇರಳದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ, 2024ರಲ್ಲಿ ಕೋರ್ಟು ನೋಟಿಸ್ ಕೊಟ್ಟಿತು.

ಸಾವಿನ ಮಾತು ಇನ್ನೂ ಗಟ್ಟಿ. ನಮ್ಮ ದೊಡ್ಡಪ್ಪ ಲಿಂಗ ಬಿಚ್ಚಿಟ್ಟು ಎಷ್ಟೋ ವರ್ಷ ಆಗಿತ್ತು. ಬೆಳಗ್ಗೆ ಹೊಲದ ಬದುವಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರುತ್ತಿದ್ದ, ಅಷ್ಟೇ ಅವನ ಪೂಜೆ. ಅಯ್ಯನೋರನ್ನ (ಜಂಗಮರನ್ನ) ಕರೀಬ್ಯಾಡ್ರಿ ಅಂತ ಮಕ್ಕಳಿಗೆ ಹೇಳಿದ್ದ. ಅವನು ಹೋದ ದಿನ ಕಟ್ಟೆಯ ಮೇಲೆ ನಡೆದ ಚರ್ಚೆ ಆತ್ಮದ ಬಗ್ಗೆ ಅಲ್ಲ. ಕುಂದ್ರಿಸೂಣೋ, ಮಲಗಿಸೂಣೋ ಅನ್ನೋದು. ಲಿಂಗಾಯತರ ಪದ್ಧತಿಯಂತೆ ಕುಂದ್ರಿಸಿ ಹೂಳಿದರೆ ವಿಮಾನ, ಅಂದರೆ ಹೆಣ ಕೂರಿಸಿ ಒಯ್ಯುವ ಮಂಟಪ ಕಟ್ಟಬೇಕು, ಕುಣಿ ಬೇರೆ ಥರ ತೋಡಬೇಕು, ಅಯ್ಯನೋರು ಬಂದು ಪಾದ ಇಡಬೇಕು. ಮಲಗಿಸಿದರೆ ರುದ್ರಭೂಮಿಯಲ್ಲಿ ಜಾಗ ಕೊಡುತ್ತಾರೋ ಇಲ್ಲೋ. "ಅಂವ ಬ್ಯಾಡ ಅಂದಿದ್ದ" ಅಂದ ಸಣ್ಣ ಮಗ. "ಅಂದಿದ್ದ ಖರೆ. ಅಂವ ಹೋದ, ಊರಾಗ ಬಾಳ್ವೆ ಮಾಡಾಕ ನಾವು ಅದೀವಲ್ಲ" ಅಂದರು ದೊಡ್ಡವ್ವನ ಅಣ್ಣ. ಮುಂದೆ ಯಾರೂ ಮಾತಾಡಲಿಲ್ಲ. ವಿಮಾನ ಕಟ್ಟಿದರು, ಭಜನಿ ಮೇಳ ಬಂತು, ವಿಭೂತಿ ಹಚ್ಚಿದರು, ಕುಂದ್ರಿಸಿದರು. ಆ ಮಾವನ ಮೇಲೆ ನನಗೆ ಸಿಟ್ಟಿಲ್ಲ. ಅದೇ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು.

ಇದಕ್ಕೆ ಎದುರಾಗಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೋಡಿ. ಜೇಬಿಲ್ಲದ ಬಿಳಿ ಅಂಗಿ, 2018ರಲ್ಲಿ ಪದ್ಮಶ್ರೀ ಕೊಟ್ಟರೆ ಬೇಡ ಅಂದರು. ತಾವು ತೀರಿಕೊಂಡ ಮೇಲೆ ಮಣ್ಣು ಮಾಡಬೇಡಿ, ಸುಡಿ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ ಅಂತ 2014ರಲ್ಲೇ ಬರೆದಿಟ್ಟಿದ್ದರು. ಸ್ವಾಮಿಗಳಿಗೆ ಗದ್ದುಗೆ ಕಟ್ಟೋದೇ ರೂಢಿಯಾಗಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ. 2023ರ ಜನವರಿ 2ರಂದು ಅವರು ತೀರಿಕೊಂಡಾಗ ಹಾಗೇ ಮಾಡಿದರು. ಅವರಿಗೆ ಯಾಕೆ ಸಾಧ್ಯ ಆಯಿತು? ಅವರ ಮಾತನ್ನು ನಡೆಸಿಕೊಡೋಕೆ ಶಿಷ್ಯರಿದ್ದರು, ಲಕ್ಷಾಂತರ ಜನ ನಿಂತಿದ್ದರು. ರೂಢಿ ಮುರಿಯೋಕೂ ಜನಬಲ ಬೇಕು. ನಮ್ಮ ದೊಡ್ಡಪ್ಪನ ಬೆನ್ನಿಗೆ ಇದ್ದದ್ದು ಒಬ್ಬ ಸಣ್ಣ ಮಗ.

ಹಾಗಾದರೆ ಧರ್ಮದ ಸಂಸ್ಥೆಗಳೆಲ್ಲ ಬರೀ ಹೊರೆಯೋ? ಹಾಗೆ ಹೇಳುವವರು ಈ ಮೂರು ಊರಿನ ಬೋರ್ಡುಗಳನ್ನು ಓದಲಿ. 1906ರಲ್ಲಿ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, 1910ರಲ್ಲಿ ವಿಜಯಪುರದ ಬಿಎಲ್‌ಡಿಇ, 1916ರಲ್ಲಿ ಬೆಳಗಾವಿಯ ಕೆಎಲ್‌ಇ. ಮೂರರ ಹೆಸರಿನಲ್ಲೂ ಸಮಾಜದ ಹೆಸರಿದೆ, ಬಿಎಲ್‌ಡಿಇ, ಕೆಎಲ್‌ಇ ಎರಡರಲ್ಲೂ ಆ 'ಎಲ್' ಲಿಂಗಾಯತವೇ. ಹೊಲ ಬರೆದುಕೊಟ್ಟವರು, ಕಾಳು ಕೂಡಿಸಿದವರು, ಬೋರ್ಡಿಂಗ್ ನಡೆಸಿದವರು ತಮ್ಮ ಜನ ಅಂತಲೇ ಮಾಡಿದರು, ಆಮೇಲೆ ಎಲ್ಲ ಜಾತಿಯವರೂ ಓದಿದರು. ಬದುವಿನ ಮೇಲೆ ಒಬ್ಬನೇ ಕೂತು ದೇವರ ಜೊತೆ ಮಾತಾಡುವವನು ಆಸ್ಪತ್ರೆ ಕಟ್ಟೋದಿಲ್ಲ. ಧರ್ಮ ಬೇಡ ಅನ್ನುವವರು ಅದೇ ಕಾಲೇಜಿನಲ್ಲಿ ಓದಿ ಬಂದು ಈ ಮಾತಾಡುತ್ತಿರುತ್ತಾರೆ, ಅದನ್ನು ಮರೆಯೋದು ಸರಿಯಲ್ಲ.

ಕೊನೆಗೆ ನನಗೆ ಜಾಸ್ತಿ ಕಾಡುವ ವಿಷಯ, ಈ ಬಿಡುವಿಕೆಯ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಮೇಲ್ಜಾತಿಯ, ನೌಕರಿ ಇರುವ ಗಂಡಸು ಧರ್ಮ ಇಲ್ಲ ಅಂದರೆ ಕಳೆದುಕೊಳ್ಳೋದು ಹೆಚ್ಚೆಂದರೆ ನಾಲ್ಕು ಮದುವೆ ಊಟ. ಅದೇ ಮಾತನ್ನು ಹೆಣ್ಣುಮಗಳು ಹೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಗಂಡನ ಮನೆಯ ಬಾಗಿಲು ತೆರೆಯೋದೇ ಇಲ್ಲ. ಪರಿಶಿಷ್ಟ ಜಾತಿಯವರದ್ದು ಇನ್ನೊಂದು ಪಾಡು. 1950ರ ರಾಷ್ಟ್ರಪತಿ ಆದೇಶದಲ್ಲಿ ಹಿಂದೂ ಅಲ್ಲದ ಧರ್ಮ ಪಾಲಿಸುವವರನ್ನು ಪರಿಶಿಷ್ಟ ಜಾತಿ ಅಂತ ಪರಿಗಣಿಸೋದಿಲ್ಲ ಎಂದಿತ್ತು, 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಪರಿಶಿಷ್ಟ ಪಂಗಡಕ್ಕೆ ಈ ಷರತ್ತು ಇಲ್ಲ. ಅಕ್ಷರ ಹಿಡಿದು ಓದಿದರೆ, ಯಾವ ಧರ್ಮವೂ ಇಲ್ಲ ಅನ್ನುವವನು 'ಬೇರೆ ಧರ್ಮ ಪಾಲಿಸುವವನು' ಆಗೋದಿಲ್ಲ, ವಕೀಲರು ಹಾಗೆ ವಾದ ಮಾಡಬಹುದು. ಆದರೆ ಹಾಸ್ಟೆಲ್ ಸೀಟಿನ ಕೊನೆಯ ದಿನ ನಾಡಕಚೇರಿಯ ಕಿಟಕಿ ಮುಂದೆ ನಿಂತ ಹುಡುಗ ಆ ವಾದ ಮಾಡುತ್ತಾನಾ? ಅವನು ಸುಮ್ನೆ ಹಿಂದೂ ಅಂತ ಬರೆಸಿ ಪ್ರಮಾಣಪತ್ರ ತಗೊಂಡು ಬಸ್ಸು ಹತ್ತುತ್ತಾನೆ, ಅವನ ದೇವರು ಯಾರೇ ಆಗಿರಲಿ.

ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1 ಆಧಾರ ದಿನ, ಈ ಸಲ ಜಾತಿಯನ್ನೂ ಕೇಳುತ್ತಾರೆ. ಬೇರೆ ಧರ್ಮಗಳಿಗೆ ಹೋದ ದಲಿತರಿಗೆ ಪರಿಶಿಷ್ಟ ಸ್ಥಾನ ಕೊಡಬೇಕೋ ಬೇಡವೋ ಅಂತ ನೋಡೋಕೆ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಆಯೋಗ ಮಾಡಿದರು. ಮತಾಂತರ ಆದವರ ಪ್ರಶ್ನೆ ಅಷ್ಟರ ಮಟ್ಟಿಗೆ ಆಯೋಗದ ಮುಂದೆ ಬಂದಿದೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗದೇ ಸುಮ್ಮನೆ ಹೊರಗೆ ನಿಂತ ದಲಿತನ ಪ್ರಶ್ನೆ ಅದಕ್ಕೆ ಒಪ್ಪಿಸಿದ ಕೆಲಸದಲ್ಲಿ ಇಲ್ಲ.